ಪಾಲಿಸಿಯ ಹೊರಗುಳಿದ ಮಾತ್ರೆಗಳು

ನಿವೃತ್ತರ ಮನೆಗಳಿಗೆ ಆಗಾಗ ಹೋಗಿಬರುವ ನನ್ನಂಥವರಿಗೆ ಒಂದು ನೋಟ ಬಹು ಪರಿಚಿತವಾದುದು. ಕಪಾಟಿನಲ್ಲಿ, ಜಾಗದ ದಸ್ತಾವೇಜುಗಳ ಜೊತೆಗೆ, ಪ್ಲಾಸ್ಟಿಕ್ ಲಕೋಟೆಯೊಳಗೆ ಜೋಪಾನವಾಗಿರಿಸಿದ ಆರೋಗ್ಯ ವಿಮೆಯ ಪಾಲಿಸಿ. ಊಟದ ಮೇಜಿನ ಮೇಲೆ, ಹಳೆಯ ಬಿಸ್ಕತ್ತಿನ ಡಬ್ಬಿಯೊಳಗೆ ದಿನನಿತ್ಯದ ಮಾತ್ರೆಗಳು. ಮೊದಲನೆಯದರ ಬಗ್ಗೆ ಮನೆಮಂದಿಗೆ ಅಪಾರ ಭರವಸೆ. ಎರಡನೆಯದರ ಬಗ್ಗೆ ಯಾರೂ ಹೆಚ್ಚು ಮಾತನಾಡುವುದಿಲ್ಲ.

ಕಳೆದ ಮಳೆಗಾಲದಲ್ಲಿ, ಖಾಸಗಿ ಶಾಲೆಯೊಂದರಿಂದ ನಿವೃತ್ತರಾದ ಮಾಸ್ತರರೊಬ್ಬರ ಮನೆಗೆ ಹೋಗಿದ್ದೆ. ಅವರಿಗೆ ರಕ್ತದೊತ್ತಡ, ಸಕ್ಕರೆ ಕಾಯಿಲೆ ಎರಡೂ ಇವೆ. ಕೊಲ್ಲಿಯಲ್ಲಿರುವ ಮಗ ಹತ್ತು ಲಕ್ಷ ರೂಪಾಯಿಯ ಪಾಲಿಸಿಯನ್ನು ತಾನೇ ಆರಿಸಿ, ಮೊದಲೆರಡು ವರ್ಷ ಕಂತನ್ನೂ ಕಟ್ಟಿದ್ದ. ಅಲ್ಲಿ ಅವನ ಕೆಲಸ ಹೋದ ಮೇಲೆ ಕಂತು ತಂದೆಯ ತಲೆಗೆ ಬಂತು. ಮಾತಿನ ನಡುವೆ ಮಾಸ್ತರರ ಮಡದಿ ಮೆಲ್ಲನೆ ಹೇಳಿದರು: "ಪ್ರೀಮಿಯಂ ಕಟ್ಟುವ ಮುಂಚಿನ ಎರಡು ತಿಂಗಳು ಇವರು ಎರಡು ಹೊತ್ತಿನ ಮಾತ್ರೆಯನ್ನು ಒಂದೇ ಹೊತ್ತು ತೆಗೆದುಕೊಳ್ಳುತ್ತಾರೆ ಫಾದರ್. ಕೇಳಿದರೆ ಸಿಟ್ಟು ಬರುತ್ತದೆ." ಮಾಸ್ತರರು ನಕ್ಕು, "ಆಸ್ಪತ್ರೆಗೆ ಸೇರಿದರೆ ಹತ್ತು ಲಕ್ಷ ಉಂಟಲ್ಲ" ಎಂದರು.

ಆ ನಗುವಿನಲ್ಲಿ ಪಾಲ್ಗೊಳ್ಳಲು ನನ್ನಿಂದಾಗಲಿಲ್ಲ. ಆಸ್ಪತ್ರೆಗೆ ಸೇರದಂತೆ ಕಾಯುವ ಮಾತ್ರೆಯನ್ನು ಬಿಟ್ಟು, ಸೇರಿದ ಮೇಲೆ ದೊರೆಯುವ ಹಣಕ್ಕಾಗಿ ಕಂತು ಕಟ್ಟುವುದು ಯಾವ ಲೆಕ್ಕಾಚಾರ? ಗಣಿತ ಕಲಿಸಿದ ಮಾಸ್ತರರೇ ಈ ಲೆಕ್ಕದಲ್ಲಿ ಎಡವಿದ್ದರೆಂದರೆ ಉಳಿದವರ ಪಾಡೇನು?

ನಮ್ಮ ದೇಶದ ಆರೋಗ್ಯ ವಿಮೆಯು ಸ್ವಭಾವತಃ ಆಸ್ಪತ್ರೆಯ ಹಾಸಿಗೆಗೆ ಸಂಬಂಧಿಸಿದ್ದು. ಒಳರೋಗಿಯಾಗಿ ದಾಖಲಾದಾಗ ಅದು ಎಚ್ಚರಗೊಳ್ಳುತ್ತದೆ. ಸಾಮಾನ್ಯ ಪಾಲಿಸಿಯಲ್ಲಿ ದಾಖಲಾಗುವುದಕ್ಕೆ ಮುಂಚಿನ 30 ದಿನಗಳ ಹಾಗೂ ಬಿಡುಗಡೆಯ ನಂತರದ 60 ದಿನಗಳ ಔಷಧ, ತಪಾಸಣೆಗಳು ಸೇರುತ್ತವೆ. ಅದೂ ದಾಖಲಾದ ಕಾಯಿಲೆಗೆ ಸಂಬಂಧಿಸಿದ್ದರೆ ಮಾತ್ರ. ಸರಕಾರದ ಆಯುಷ್ಮಾನ್ ಯೋಜನೆಯಲ್ಲಿ ಈ ಅವಧಿ ಮುಂಚಿನ 3 ದಿನ, ನಂತರದ 15 ದಿನ. ವರ್ಷದ ಉಳಿದ ದಿನಗಳಲ್ಲಿ ನುಂಗುವ ಮಾತ್ರೆ, ಚುಚ್ಚಿಕೊಳ್ಳುವ ಇನ್ಸುಲಿನ್, ಕಣ್ಣಿಗೆ ಬಿಡುವ ಹನಿ, ಇವೆಲ್ಲ ಸ್ವಂತ ಕಿಸೆಯ ಬಾಬ್ತು. ಹೊರರೋಗಿ ವೆಚ್ಚವನ್ನು ಭರಿಸುವ ಪಾಲಿಸಿಗಳೂ ಇವೆ. ಆದರೆ ಅವಕ್ಕೆ ಕಂತು ಹೆಚ್ಚು, ಕೊಡುವ ಮೊತ್ತಕ್ಕೆ ಮಿತಿಯೂ ಉಂಟು. ಹೆಚ್ಚಿಗೆ ಕಟ್ಟುವುದೆಷ್ಟು, ಮರಳಿ ಬರುವುದೆಷ್ಟು ಎಂದು ಕಾಗದದ ಮೇಲೆ ಬರೆದು ನೋಡಿದವರು ಹಲವೊಮ್ಮೆ ಅದನ್ನು ಕೈಬಿಡುತ್ತಾರೆ.

ಆದುದರಿಂದ ವಿಮೆಯನ್ನು ಆರಿಸುವ ಮೊದಲು ಎಣಿಸಬೇಕಾದುದು ಮಾತ್ರೆಯ ಡಬ್ಬಿಯನ್ನು ಎಂಬುದು ನನ್ನ ಅಭಿಪ್ರಾಯ. ತಿಂಗಳಿಗೆ 3,500 ರೂಪಾಯಿಯ ಔಷಧವಾದರೆ ವರ್ಷಕ್ಕೆ 42,000. ಆ ಹಣವನ್ನು ಮೊದಲು ಬದಿಗಿರಿಸಿ, ಉಳಿದುದರಲ್ಲಿ ಎಷ್ಟು ಕಂತು ಕಟ್ಟಬಹುದೆಂದು ನೋಡಬೇಕು. ನಮ್ಮಲ್ಲಿ ನಡೆಯುವುದು ಇದರ ವಿಲೋಮ. ವಿವೇಕವು ಸಾಮಾನ್ಯ ಸತ್ಯಗಳನ್ನಷ್ಟೇ ಅರಿತರೆ ಸಾಲದು, ಪ್ರತ್ಯೇಕ ಸಂಗತಿಗಳನ್ನೂ ಅರಿಯಬೇಕು ಎಂದು ಅರಿಸ್ಟಾಟಲ್ ವಾದಿಸಿದ್ದು ಇಂಥ ಕಡೆ ನೆನಪಾಗುತ್ತದೆ. 'ಅತ್ಯುತ್ತಮ ಪಾಲಿಸಿ ಯಾವುದು?' ಎಂಬ ಪ್ರಶ್ನೆಗೆ ಉತ್ತರವಿಲ್ಲ. ಇಷ್ಟು ಪಿಂಚಣಿಯ, ಇಂಥ ಕಾಯಿಲೆಯ, ಈ ಊರಿನ ಈ ದಂಪತಿಗೆ ಯಾವುದು ಒಪ್ಪುತ್ತದೆ ಎಂಬುದಕ್ಕೆ ಉತ್ತರವಿದೆ.

ಬ್ಯಾಂಕುಗಳ ತವರೆನಿಸಿದ ನಮ್ಮ ಕರಾವಳಿಯಲ್ಲಿ ನಿವೃತ್ತ ಬ್ಯಾಂಕ್ ನೌಕರರಿಲ್ಲದ ಧರ್ಮಕೇಂದ್ರ ವಿರಳ. ಅವರ ಅನುಭವ ಈ ವಿಷಯದಲ್ಲಿ ಬೋಧಪ್ರದವಾದುದು. 2015ರಲ್ಲಿ ಬ್ಯಾಂಕ್ ನಿವೃತ್ತರಿಗೆ ಸಾಮೂಹಿಕ ವಿಮೆ ಬಂದಾಗ, ಪಟ್ಟಿಮಾಡಿದ ಕೆಲವು ಕಾಯಿಲೆಗಳಿಗೆ ಮನೆಯಲ್ಲಿದ್ದುಕೊಂಡೇ ಪಡೆಯುವ ಚಿಕಿತ್ಸೆಯ ವೆಚ್ಚವೂ ಸೇರಿತ್ತು. ಮುಂದೆ ಈ ಸೌಲಭ್ಯ ಬೇಕೋ ಬೇಡವೋ ಎಂಬ ಆಯ್ಕೆಯನ್ನು ನಿವೃತ್ತರಿಗೇ ಬಿಡಲಾಯಿತು. ಬೇಕೆಂದವರಿಗೆ ಕಂತು ಹೆಚ್ಚು. ಕಂತು ವರ್ಷದಿಂದ ವರ್ಷಕ್ಕೆ ಏರಿದಂತೆ ಎಷ್ಟೋ ಮಂದಿ ಯೋಜನೆಯಿಂದಲೇ ಹೊರಬಿದ್ದರು. ಜೀವನವಿಡೀ ಬಡ್ಡಿ ಲೆಕ್ಕ ಹಾಕಿದವರಿಗೂ ಇದು ಸುಲಭದ ಆಯ್ಕೆಯಾಗಿರಲಿಲ್ಲ ಎಂಬುದನ್ನು ಮಕ್ಕಳು ತಿಳಿಯಬೇಕು.

ಕೇಂದ್ರ ಸರಕಾರದ ಪಿಂಚಣಿದಾರರ ಮತ್ತು ಮಾಜಿ ಸೈನಿಕರ ಸ್ಥಿತಿ ಇದಕ್ಕಿಂತ ಮೇಲು. ಅವರ ಆರೋಗ್ಯ ಯೋಜನೆಗಳಲ್ಲಿ ಹೊರರೋಗಿಗಳ ಔಷಧವೂ ಸೇರಿದೆ. 70 ದಾಟಿದವರಿಗಾಗಿ, ಆದಾಯವೆಷ್ಟೇ ಇರಲಿ, ಕುಟುಂಬಕ್ಕೆ ವಾರ್ಷಿಕ 5 ಲಕ್ಷ ರೂಪಾಯಿಯ ಆಯುಷ್ಮಾನ್ ಸೌಲಭ್ಯವನ್ನು ಕೇಂದ್ರವು 2024ರ ಅಕ್ಟೋಬರ್ 29ರಂದು ಆರಂಭಿಸಿತು. ಕಾರ್ಡು ಕೈಯಲ್ಲಿದೆಯೆಂದು ಸುಮ್ಮನಿರದೆ, ನಾವು ಹೋಗುವ ಆಸ್ಪತ್ರೆ ಅದನ್ನು ಸ್ವೀಕರಿಸುತ್ತದೆಯೇ ಎಂದು ಆರೋಗ್ಯವಂತರಾಗಿರುವಾಗಲೇ ವಿಚಾರಿಸಿಕೊಳ್ಳಬೇಕು. ಯಾವ ಆಸರೆಯೂ ಇಲ್ಲದವರೆಂದರೆ ಖಾಸಗಿ ಶಾಲೆಯ ಶಿಕ್ಷಕರು, ಸಣ್ಣ ಕಚೇರಿಗಳ ಗುಮಾಸ್ತರು, ಕೊಲ್ಲಿಯಿಂದ ಮರಳಿದವರು. 60 ದಾಟಿ 70 ತುಂಬದ ಆ ನಡುವಿನ ಹತ್ತು ವರ್ಷ ಇವರಿಗೆ ಅತ್ಯಂತ ಕಠಿಣವಾದುದು.

ನಿಯಮಗಳು ಇತ್ತೀಚೆಗೆ ಸ್ವಲ್ಪ ಸಡಿಲಗೊಂಡಿವೆ. 65 ದಾಟಿದವರಿಗೆ ಹೊಸ ಪಾಲಿಸಿಯಿಲ್ಲ ಎಂಬ ಅಡ್ಡಗೋಡೆ 2024ರ ಏಪ್ರಿಲ್ 1ರ ನಂತರ ಬಿದ್ದಿದೆ. ಮೊದಲೇ ಇದ್ದ ಕಾಯಿಲೆಗಳಿಗೆ ಕಾಯಬೇಕಾದ ಗರಿಷ್ಠ ಅವಧಿ ನಾಲ್ಕು ವರ್ಷದಿಂದ ಮೂರಕ್ಕೆ ಇಳಿದಿದೆ. ವೈಯಕ್ತಿಕ ಆರೋಗ್ಯ ವಿಮೆಯ ಮೇಲಿದ್ದ ಶೇಕಡಾ 18ರ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ರದ್ದಾಗಿದೆ. ಆದರೂ ಕಾಗದವನ್ನು ಓದಿಯೇ ಸಹಿ ಹಾಕಬೇಕು. ಕೊಠಡಿ ಬಾಡಿಗೆಗೆ ಮಿತಿಯಿದೆಯೇ? ದಿನಕ್ಕೆ 5,000 ರೂಪಾಯಿ ಮಿತಿಯಿರುವವರು 8,000ದ ಕೊಠಡಿ ಹಿಡಿದರೆ, ಬಾಡಿಗೆಯ ವ್ಯತ್ಯಾಸವಲ್ಲದೆ ವೈದ್ಯರ ಶುಲ್ಕ ಮುಂತಾದವುಗಳಲ್ಲೂ ಅದೇ ಪ್ರಮಾಣದ ಕಡಿತವಾಗಬಹುದು. ಪ್ರತಿ ಬಿಲ್ಲಿನಲ್ಲಿ ನಮ್ಮ ಪಾಲೆಷ್ಟು? ಕಣ್ಣಿನ ಪೊರೆಗೆ, ಮೊಣಕಾಲಿನ ಕೀಲು ಬದಲಾವಣೆಗೆ ಎಷ್ಟು ವರ್ಷ ಕಾಯಬೇಕು? ಪಾಲಿಸಿ ಕೈಸೇರಿದ 30 ದಿನಗಳೊಳಗೆ ಒಪ್ಪಿಗೆಯಾಗದಿದ್ದರೆ ಹಿಂದಿರುಗಿಸುವ ಹಕ್ಕಿದೆ. ಆ ಹಕ್ಕು ಓದುವವನಿಗೆ ಮಾತ್ರ ಉಪಯೋಗ.

ಇನ್ನೊಂದು ಸಂಗತಿಯನ್ನು ಕೊಂಚ ಖಾರವಾಗಿಯೇ ಹೇಳುತ್ತೇನೆ. "ಸಕ್ಕರೆ ಉಂಟೆಂದು ಬರೆಯಬೇಡಿ, ಕಂತು ಜಾಸ್ತಿಯಾಗುತ್ತದೆ" ಎಂದು ಕೆಲವು ಏಜೆಂಟರು ಸಲಹೆ ಕೊಡುವುದುಂಟು. ಅರ್ಜಿಯಲ್ಲಿ ಕಾಯಿಲೆಯನ್ನು ಮುಚ್ಚಿಡುವುದು ಸುಳ್ಳು, ಮತ್ತು ದುಬಾರಿಯಾದ ಸುಳ್ಳು. ಸತತ 5 ವರ್ಷ ಕಂತು ಕಟ್ಟಿದ ಪಾಲಿಸಿಯ ಮೇಲೆ, ಕಾಯಿಲೆಯನ್ನು ತಿಳಿಸಲಿಲ್ಲವೆಂಬ ತಕರಾರನ್ನು ಕಂಪೆನಿ ಎತ್ತುವಂತಿಲ್ಲವೆಂಬ ನಿಯಮವೇನೋ ಇದೆ. ವಂಚನೆ ಸಾಬೀತಾದರೆ ಆ ರಕ್ಷಣೆಯೂ ಇಲ್ಲ. ಆ ಐದು ವರ್ಷಗಳೊಳಗೇ ಹೃದಯಾಘಾತವಾಗಿ ಹಳೆಯ ವೈದ್ಯರ ಚೀಟಿ ಹೊರಬಂದರೆ, ಆಸ್ಪತ್ರೆಯ ಬಿಲ್ ಕೌಂಟರಿನ ಮುಂದೆ ನಿಲ್ಲುವವಳು ಹೆಂಡತಿ. ಏಜೆಂಟ್ ಅಲ್ಲಿರುವುದಿಲ್ಲ.

ಔಷಧದ ಖರ್ಚನ್ನು ವಿಮೆ ತಗ್ಗಿಸದಿದ್ದರೂ ಬೇರೆ ದಾರಿಗಳಿವೆ. 2008ರಲ್ಲಿ ಆರಂಭವಾದ ಜನೌಷಧಿ ಯೋಜನೆಯ ಅಂಗಡಿಗಳಲ್ಲಿ ರಕ್ತದೊತ್ತಡ, ಮಧುಮೇಹಗಳ ಸಾಮಾನ್ಯ ಮಾತ್ರೆಗಳು ಪ್ರಸಿದ್ಧ ಕಂಪೆನಿಗಳ ದರದ ಅರ್ಧಕ್ಕಿಂತಲೂ ಕಡಿಮೆ ಬೆಲೆಗೆ ಸಿಗುತ್ತವೆ. ಅಗ್ಗವಾದುದು ಕಳಪೆಯೇ ಸರಿ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಬ್ರ್ಯಾಂಡಿನ ಹೆಸರಿಗೆ ನಾವು ಕೊಡುವ ಬೆಲೆ ರೋಗಕ್ಕೆ ತಿಳಿಯುವುದಿಲ್ಲ ಎಂದು ವೈದ್ಯಮಿತ್ರರೊಬ್ಬರು ನನ್ನನ್ನು ತಮಾಷೆ ಮಾಡಿದ್ದರು. ಔಷಧದ ಮೂಲ ಹೆಸರನ್ನೇ ಬರೆದುಕೊಡುವಂತೆ ವೈದ್ಯರನ್ನು ಕೇಳುವುದು ಅವಮರ್ಯಾದೆಯಲ್ಲ. ಮೂರು ಮಂದಿ ತಜ್ಞರು ಬೇರೆಬೇರೆ ಕಾಲದಲ್ಲಿ ಬರೆದ ಎಲ್ಲ ಮಾತ್ರೆಗಳನ್ನು ಒಬ್ಬರೇ ವೈದ್ಯರ ಮುಂದೆ ಸುರಿದು, ಯಾವುದು ಇನ್ನೂ ಬೇಕು ಎಂದು ವರ್ಷಕ್ಕೊಮ್ಮೆ ಕೇಳುವುದೂ ಒಳ್ಳೆಯದು. ತಾವಾಗಿಯೇ ಬಿಡುವುದು, ಅರ್ಧ ಮಾಡುವುದು ಮಾತ್ರ ಕೂಡದು.

ದೂರದಲ್ಲಿರುವ ಮಕ್ಕಳಿಗೂ ಒಂದು ಮಾತು. ಹಣ ನಿಮ್ಮದೇ ಆಗಿರಲಿ, ಪಾಲಿಸಿಯನ್ನು ತಂದೆತಾಯಿಯರೊಡನೆ ಕುಳಿತು ಆರಿಸಿ. ಆಸ್ಪತ್ರೆಯಲ್ಲಿ ಮಲಗುವವರು ಅವರು. ಯಾವ ಕಾಗದ ಎಲ್ಲಿದೆ, ಯಾರಿಗೆ ಫೋನು ಮಾಡಬೇಕು ಎಂಬುದು ಅವರಿಗೆ ತಿಳಿದಿರಬೇಕು. ಹಿರಿಯರೂ ಅಷ್ಟೇ. ಸಂತ ಥಾಮಸ್ ಅಕ್ವಿನಾಸರು ವಿವೇಕದ ಅಂಗಗಳನ್ನು ಎಣಿಸುವಾಗ ಸ್ಮರಣೆ, ಮುಂದಾಲೋಚನೆಗಳ ಜೊತೆಗೆ ಇತರರಿಂದ ಕಲಿಯುವ ವಿನಯವನ್ನೂ ಸೇರಿಸಿ, ಪಂಡಿತರಿಗೂ ಅದು ಬೇಕೆಂದಿದ್ದಾರೆ. ಮೊಮ್ಮಗಳಿಂದ ಪಾಲಿಸಿ ಓದಿಸಿಕೊಳ್ಳುವುದರಲ್ಲಿ ನಾಚಿಕೆಯೇನಿದೆ?

ಮಾಸ್ತರರ ಮನೆಗೆ ಮತ್ತೊಮ್ಮೆ ಹೋದಾಗ ನಮ್ಮ ಚರ್ಚಿನ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರನ್ನು ಜೊತೆಗೆ ಕರೆದೊಯ್ದಿದ್ದೆ. ಮೂವರೂ ಕುಳಿತು ಒಂದು ನೋಟ್‌ಬುಕ್ಕಿನಲ್ಲಿ ಮೊದಲು ಮಾತ್ರೆಗಳ ಲೆಕ್ಕ ಬರೆದರು. ಮಗನಿಗೆ ಫೋನು ಹೋಯಿತು. ನವೀಕರಣದ ಸಮಯಕ್ಕೆ ವಿಮೆಯ ಮೊತ್ತ ಹತ್ತು ಲಕ್ಷದಿಂದ ಐದಕ್ಕೆ ಇಳಿಯಿತು, ಕಂತೂ ಇಳಿಯಿತು. ವೈದ್ಯರನ್ನು ಕೇಳಿ ನಾಲ್ಕು ಮಾತ್ರೆಗಳನ್ನು ಜನೌಷಧಿಯಿಂದ ತರತೊಡಗಿದ್ದಾರೆ. ಎರಡು ಹೊತ್ತೂ ನುಂಗುತ್ತಾರೋ ಇಲ್ಲವೋ ಎಂದು ಈಗ ಲೆಕ್ಕ ಇಡುವವರು ಅವರ ಮಡದಿ.