ಮುಟ್ಟದ ಫೈಲು ‘ಸೇವ್ ಮಾಡಲೇ?’ ಅಂದರೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ನಾಲ್ಕೂ ತಾಲ್ಲೂಕಿನ ರಸೀದಿ ಲೆಕ್ಕ ಒಂದೇ ಎಕ್ಸೆಲ್ ಫೈಲಿನಲ್ಲಿ. ಬರೀ ನೋಡಿ ಮುಚ್ಚಿದರೂ ‘ಸೇವ್ ಮಾಡಲೇ?’ ಅನ್ನುತ್ತೆ. ‘ಒತ್ರಿ, ಏನೂ ಆಗಂಗಿಲ್ಲ’ ಅನ್ನೋ ಆಫೀಸ್ ಪಂಡಿತರ ಮೇಲೆ ನನಗೆ ಸಿಟ್ಟು. ಹಳೇ ವರ್ಷನ್ನಿನ ಫೈಲಾದರೆ ಒಮ್ಮೆ ಸೇವ್ ಮಾಡಿದರೆ ಸುಮ್ಮನಾಗುತ್ತೆ, ಅಷ್ಟರ ಮಟ್ಟಿಗೆ ಪಂಡಿತರು ಸರಿ. ಆದರೆ ಯಾವುದೋ ಸೆಲ್‌ನಲ್ಲಿ ಟುಡೇ, ನೌ, ಆಫ್‌ಸೆಟ್, ಇನ್‌ಡೈರೆಕ್ಟ್ ಕೂತಿದ್ದರೆ? ಫೈಲು ತೆರೆದಾಗಲೆಲ್ಲ ಅವು ಹೊಸದಾಗಿ ಲೆಕ್ಕ ಹಾಕ್ತವೆ. ರಸೀದಿಯ ದಿನಾಂಕದಲ್ಲೇ ಟುಡೇ ಇದ್ದರಂತೂ ಮುಗೀತು: ಜೂನ್‌ನಲ್ಲಿ ರೈತ ಕಟ್ಟಿದ ಕಂತು ಇವತ್ತು ಕಟ್ಟಿದ ಹಾಗೆ ಕಾಣುತ್ತೆ. ತಡವಾಯ್ತು ಅಂತ ಬೀಳೋ ಬಡ್ಡಿ ಯಾರು ಕಟ್ಟಬೇಕು, ಪಂಡಿತರಾ? ಸೇವ್ ಒತ್ತಿದರೂ ಬಿಟ್ಟರೂ ನಾಳೆ ಅದು ಮತ್ತೆ ಬದಲಾಗುತ್ತೆ. ಫಾರ್ಮುಲಾ ತೆಗೆದು, ರಸೀದಿ ಪುಸ್ತಕ ನೋಡಿ ದಿನಾಂಕ ಕೈಯಾರೆ ಟೈಪ್ ಮಾಡ್ರಿ.