ನೂರ ನಲವತ್ತೆರಡರಲ್ಲಿ ಎರಡು

ಗೋಲು ಹೊಡೆದವನ ಹೆಸರು ಮರುದಿನದ ಪತ್ರಿಕೆಯಲ್ಲಿ ಮೂಡುತ್ತದೆ; ಗೋಲಾಗದಂತೆ ತಡೆದವನ ಹೆಸರು ಮೂಡುವುದು ಅಪರೂಪ. ಫುಟ್‌ಬಾಲ್ ಆಟದಲ್ಲಿ ಬ್ಯಾಕ್ ಸ್ಥಾನದಲ್ಲಿ ನಿಂತವನ ದುಡಿಮೆ ಲೆಕ್ಕಕ್ಕೆ ಸಿಕ್ಕುವಂಥದಲ್ಲ. ಫ್ರಾನ್ಸಿನ ಲಿಲಿಯನ್ ತುರಾಮ್ ಅಂಥ ಆಟಗಾರ. ೧೯೯೪ರಿಂದ ೨೦೦೮ರವರೆಗೆ ದೇಶದ ಪರವಾಗಿ ಆತ ಆಡಿದ ಪಂದ್ಯಗಳು ೧೪೨; ಹೊಡೆದ ಗೋಲುಗಳು ಎರಡೇ ಎರಡು. ಅವೆರಡೂ ಒಂದೇ ರಾತ್ರಿಯವು.

ತುರಾಮ್ ಹುಟ್ಟಿದ್ದು ೧೯೭೨ರಲ್ಲಿ, ಕೆರಿಬಿಯನ್ ಕಡಲಿನ ಗ್ವಾಡೆಲೂಪ್ ದ್ವೀಪದಲ್ಲಿ. ದ್ವೀಪ ಫ್ರಾನ್ಸಿಗೇ ಸೇರಿದ್ದು. ಆದರೆ ಎರಡರ ನಡುವೆ ಅಟ್ಲಾಂಟಿಕ್ ಸಾಗರ. ಐವರು ಮಕ್ಕಳ ಭಾರವನ್ನು ಒಬ್ಬಳೇ ಹೊತ್ತ ತಾಯಿ ಹೊಟ್ಟೆಯ ಪಾಡಿಗಾಗಿ ಪ್ಯಾರಿಸ್ಸಿನ ಕಡೆಗೆ ಬಂದಳು. ೧೯೮೧ರಲ್ಲಿ ಮಕ್ಕಳೂ ಅವಳನ್ನು ಸೇರಿಕೊಂಡರು. ಒಂಬತ್ತು ವರ್ಷದ ಹುಡುಗನಿಗೆ ಶಾಲೆಯಲ್ಲಿ ಸಹಪಾಠಿಗಳು ಇಟ್ಟ ಅಡ್ಡಹೆಸರು, ಟೆಲಿವಿಷನ್ನಿನ ವ್ಯಂಗ್ಯಚಿತ್ರದ ಪೆದ್ದು ಕರಿ ಹಸುವಿನದು. ತಾನು ಕರಿಯನಾದದ್ದು ಅಂದಿನಿಂದ ಎಂದು ಆತ ಮುಂದೆ ಹಲವು ಸಲ ಹೇಳಿದ್ದಾನೆ.

ಮೊನಾಕೊ ಕ್ಲಬ್ಬಿನಲ್ಲಿ ಪಳಗಿದ ತುರಾಮ್ ೧೯೯೬ರಲ್ಲಿ ಇಟಲಿಯ ಪಾರ್ಮಾ ಸೇರಿದ. ಗೋಲು ಬಿಡುವುದನ್ನು ಮಹಾಪಾಪವೆಂದು ಬಗೆಯುವ ನಾಡು ಅದು. ಬ್ಯಾಕ್ ಆಟಗಾರನಿಗೆ ಅದಕ್ಕಿಂತ ಕಠಿಣವಾದ ಗುರುಕುಲ ಇನ್ನಾವುದು?

೧೯೯೮ರ ಜುಲೈ ೮. ವಿಶ್ವಕಪ್ಪಿನ ಸೆಮಿಫೈನಲ್, ಸ್ಥಳ ಪ್ಯಾರಿಸ್ಸಿನ ಮಗ್ಗುಲಿನ ಸಾಂ ದೆನಿ, ಎದುರಾಳಿ ಕ್ರೊಯೇಷಿಯಾ. ವಿರಾಮ ಮುಗಿದ ಮರುಕ್ಷಣವೇ ಸಹ ಆಟಗಾರರು ಮುಂದೆ ಸರಿದಾಗ ತುರಾಮ್ ಒಬ್ಬನೇ ಹಿಂದುಳಿದ. ಆಫ್‌ಸೈಡ್ ಆಗಬೇಕಿದ್ದ ಷೂಕರ್ ಈ ಒಂದು ಹೆಜ್ಜೆಯ ತಡದಿಂದ ಪಾರಾಗಿ ಗೋಲು ಹೊಡೆದ. ತವರಿನ ಪ್ರೇಕ್ಷಕರ ಮುಂದೆ ಇಂಥ ಪ್ರಮಾದ! ಆದರೆ ಒಂದೇ ನಿಮಿಷದಲ್ಲಿ ತುರಾಮ್ ಎದುರಾಳಿಯ ಗೋಲಿನ ಬಳಿಯಲ್ಲಿಯೇ ಬೊಬಾನನಿಂದ ಚೆಂಡನ್ನು ಕಸಿದು, ಜೊರ್ಕಾಯೆಫ್‌ಗೆ ಕೊಟ್ಟು, ಮರಳಿ ಪಡೆದು, ಬಲಗಾಲಿನಿಂದ ಹೊಡೆದ. ಸಮಸಮ. ೭೦ನೆಯ ನಿಮಿಷದಲ್ಲಿ ಮತ್ತೆ ಮುನ್ನುಗ್ಗಿ, ಈ ಸಲ ಎಡಗಾಲಿನಿಂದ ದೂರದ ಮೂಲೆಗೆ! ಆಗ ಆತ ಕುಣಿಯಲಿಲ್ಲ, ಕೂಗಲಿಲ್ಲ. ಮೊಣಕಾಲೂರಿ, ತುಟಿಯ ಮೇಲೆ ಬೆರಳಿಟ್ಟು, ಒಗಟನ್ನು ಬಿಡಿಸುವವನಂತೆ ಕುಳಿತುಬಿಟ್ಟ. ನಾಲ್ಕು ದಿನಗಳ ಅನಂತರ ಬ್ರೆಜಿಲನ್ನು ೩-೦ ಅಂತರದಲ್ಲಿ ಸೋಲಿಸಿ ಫ್ರಾನ್ಸ್ ಮೊದಲ ಬಾರಿಗೆ ವಿಶ್ವಕಪ್ ಗೆದ್ದಿತು.

೨೦೦೦ದಲ್ಲಿ ಯೂರೋಪಿನ ಕಪ್ಪೂ ಬಂದಿತು. ಆಮೇಲೆ ಯುವೆಂಟಸ್, ಬಾರ್ಸಿಲೋನಾ. ೨೦೦೬ರ ವಿಶ್ವಕಪ್ ಫೈನಲಿನಲ್ಲಿ ಇಟಲಿಯ ಎದುರು ಪೆನಾಲ್ಟಿಗಳಲ್ಲಿ ಸೋಲು.

೨೦೦೮ರಲ್ಲಿ ಪ್ಯಾರಿಸ್ಸಿನ ಕ್ಲಬ್ಬಿಗೆ ಸೇರಲು ಹೊರಟಾಗ ನಡೆದ ವೈದ್ಯ ಪರೀಕ್ಷೆಯಲ್ಲಿ ಹೃದಯದ ದೋಷವೊಂದು ಕಂಡುಬಂದಿತು. ಹೃದ್ರೋಗವೇ ಆತನ ಸೋದರನನ್ನು ಬಾಸ್ಕೆಟ್‌ಬಾಲ್ ಅಂಗಳದಲ್ಲಿ ಬಲಿ ತೆಗೆದುಕೊಂಡಿತ್ತು. ಆಟ ಅಲ್ಲಿಗೆ ನಿಂತಿತು. ಅದೇ ವರ್ಷ ತುರಾಮ್ ವರ್ಣದ್ವೇಷವನ್ನು ಎದುರಿಸುವ ಪ್ರತಿಷ್ಠಾನವೊಂದನ್ನು ಕಟ್ಟಿ ಶಾಲೆಗಳತ್ತ ನಡೆದ. ಚರಿತ್ರೆಯ ಕಪ್ಪು ಮಹನೀಯರನ್ನು ಕುರಿತು ಆತ ಬರೆದ ಪುಸ್ತಕ ೨೦೧೦ರಲ್ಲಿ ಹೊರಬಂದಿತು. ಹಸುವಿನ ಹೆಸರಿಟ್ಟ ಶಾಲೆಯನ್ನು ಆತ ಮರೆತಿರಲಿಲ್ಲವೆನ್ನಬೇಕು.

ಆ ೧೪೨ ಪಂದ್ಯಗಳ ದಾಖಲೆಯನ್ನು ೨೦೨೨ರ ವಿಶ್ವಕಪ್ಪಿನಲ್ಲಿ ಗೋಲ್‌ಕೀಪರ್ ಲೋರಿಸ್ ಮುರಿದ. ಅದೇ ವಿಶ್ವಕಪ್ಪಿನ ಫೈನಲಿನಲ್ಲಿ ತುರಾಮನ ಹಿರಿಯ ಮಗ ಮಾರ್ಕುಸ್ ಫ್ರಾನ್ಸಿನ ಪರವಾಗಿ ಆಡಿದ. ಮಗ ಮಾತ್ರ ಬ್ಯಾಕ್ ಅಲ್ಲ. ಗೋಲು ಹೊಡೆಯುವುದೇ ಅವನ ಕಸುಬು.