ತಾಯಿ ಕಾರ್ಡಿಗಿಂತ ಮೊದಲೇ ಬೇಕಾದ ಮಾತ್ರೆ

ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಅಧಿಕಾರಿಗಳಿಗೆ,
ಧಾರವಾಡ

ಮಾನ್ಯರೇ,

ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ತಾಲೂಕುಗಳ ಹಳ್ಳಿಗಳಲ್ಲಿ ಬಸುರಿ ಎಂದು ಗೊತ್ತಾದ ಮೇಲೆ ಮಾತ್ರೆ ಕೊಡುವ ವ್ಯವಸ್ಥೆ ಇದೆ. ಆಶಾ ಕಾರ್ಯಕರ್ತೆ ಮನೆಗೆ ಬರುತ್ತಾಳೆ, ತಾಯಿ ಕಾರ್ಡ್ ಆಗುತ್ತದೆ, ಕೆಂಪು ಮಾತ್ರೆ ಕೈಗೆ ಬರುತ್ತದೆ. ನನ್ನ ಅಹವಾಲು ಅದಕ್ಕೂ ಹಿಂದಿನ ದಿನಗಳದ್ದು. ಎಲ್ಲಕ್ಕಿಂತ ಮೊದಲು ಬೇಕಾದ ಮಾತ್ರೆ ಫೋಲಿಕ್ ಆಮ್ಲದ್ದು. ಅದು ನಮ್ಮ ಹೆಣ್ಣುಮಕ್ಕಳ ಕೈ ಸೇರುವ ಹೊತ್ತಿಗೆ ಅದರ ಮುಖ್ಯ ಕೆಲಸದ ಕಾಲವೇ ಮುಗಿದಿರುತ್ತದೆ. ಆ ಮಾತ್ರೆಗೆ ತಾಯಿ ಕಾರ್ಡಿನ ತನಕ ಕಾಯಬೇಡಿ, ಮದುವೆಯಾದಾಗಲೇ ಕೊಡಿ ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

ಗರ್ಭ ಕಟ್ಟಿದ ಮೊದಲ 28 ದಿನಗಳಲ್ಲೇ, ಮುಂದೆ ಮೆದುಳು ಮತ್ತು ಬೆನ್ನುಹುರಿಯಾಗಬೇಕಾದ ನಾಳ ಮುಚ್ಚಿಕೊಳ್ಳುತ್ತದೆ. ಫೋಲಿಕ್ ಆಮ್ಲ ಬೇಕಾಗುವುದು ಆಗಲೇ. ಅಂದರೆ ತಿಂಗಳು ತಪ್ಪಿ ಎರಡು ವಾರ ಆಗುವಷ್ಟರಲ್ಲಿ ಆ ಕೆಲಸ ಮುಗಿದಿರುತ್ತದೆ. ಕೆಳಭಾಗ ಮುಚ್ಚದಿದ್ದರೆ ಕೂಸು ಬೆನ್ನ ಮೇಲೆ ನೀರಿನ ಗಂಟು ಹೊತ್ತು ಹುಟ್ಟುತ್ತದೆ. ಎಷ್ಟೋ ಮಕ್ಕಳಿಗೆ ಕಾಲಿನಲ್ಲಿ ಶಕ್ತಿ ಇರುವುದಿಲ್ಲ, ಮಲಮೂತ್ರದ ಹಿಡಿತ ಇರುವುದಿಲ್ಲ. ಮೇಲ್ಭಾಗ ಮುಚ್ಚದಿದ್ದರೆ ತಲೆಬುರುಡೆಯೇ ಬೆಳೆಯದೆ ಕೂಸು ಉಳಿಯುವುದಿಲ್ಲ.

ನಮ್ಮ ಕಡೆ ಮೂರು ತಿಂಗಳು ತುಂಬುವ ತನಕ ಬಸುರಿನ ಸುದ್ದಿ ಹೊಸ್ತಿಲು ದಾಟುವುದಿಲ್ಲ. ಬಸುರಿಗೆ ಮಾಡುವ ಕಳ್ಳ ಕುಬಸದ ಶಾಸ್ತ್ರವನ್ನೂ ಮನೆಮಂದಿಯಷ್ಟೇ ಸೇರಿ ಮಾಡಿ ಮುಗಿಸುತ್ತಾರೆ. ಈ ರೂಢಿಯನ್ನು ನಾನು ಹಳಿಯುವುದಿಲ್ಲ. ಮೊದಲ ತಿಂಗಳುಗಳಲ್ಲಿ ಗರ್ಭ ಇಳಿಯುವುದನ್ನು ಕಂಡುಂಡ ಹಿರಿಯರು ಇಟ್ಟುಕೊಂಡ ಎಚ್ಚರ ಅದು. ಆದರೆ ಸುದ್ದಿ ಆಶಾಳ ಕಿವಿಗೆ ಬಿದ್ದು, ಆಕೆ ಹೆಸರು ಬರೆದುಕೊಂಡು ಮಾತ್ರೆ ತರುವಷ್ಟರಲ್ಲಿ ಆ 28 ದಿನ ಎಂದೋ ಕಳೆದಿರುತ್ತವೆ. ಬೇಗ ಹೆಸರು ನೋಂದಾಯಿಸಿ ಎಂದು ಎಷ್ಟು ಸಾರಿದರೂ ಈ ಅಂತರ ತುಂಬುವುದಿಲ್ಲ. ಮಾತ್ರೆಯೇ ಮುಂಚಿತವಾಗಿ ಮನೆಯಲ್ಲಿರಬೇಕು.

ನಾಳ ಮುಚ್ಚದ ಈ ದೋಷ ದೂರದ ದೇಶದ ಕಾಯಿಲೆಯಲ್ಲ. ಪಕ್ಕದ ದಾವಣಗೆರೆಯಲ್ಲಿ ಡಾ. ಎಂ. ಎಲ್. ಕುಲಕರ್ಣಿ ಮತ್ತು ಅವರ ಸಂಗಡಿಗರು 1980ರ ದಶಕದಲ್ಲಿ ಸಾಲಾಗಿ 3,500 ಹೆರಿಗೆಗಳನ್ನು ಪರಿಶೀಲಿಸಿದಾಗ ಸಾವಿರಕ್ಕೆ 11ಕ್ಕೂ ಹೆಚ್ಚು ಕೂಸುಗಳಲ್ಲಿ ಈ ದೋಷ ಕಂಡರು. ಅದು ಹಳೆಯ ಲೆಕ್ಕ. ಆದರೂ ನಮ್ಮ ನೆರೆಯದು. 1991ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಏಳು ದೇಶಗಳಲ್ಲಿ ನಡೆಸಿದ ಪ್ರಯೋಗದ ಫಲಿತಾಂಶ ಬಂತು. ಒಮ್ಮೆ ಇಂಥ ಕೂಸು ಹೆತ್ತ ತಾಯಂದಿರು ಮುಂದಿನ ಬಸುರಿಗೆ ಮೊದಲೇ ಫೋಲಿಕ್ ಆಮ್ಲ ತೆಗೆದುಕೊಂಡರೆ ದೋಷ ಮರುಕಳಿಸುವುದು ಶೇಕಡಾ 72ರಷ್ಟು ಕಡಿಮೆಯಾಗುತ್ತದೆ ಎಂದು ಅದು ತೋರಿಸಿತು. ಮರುವರ್ಷ ಹಂಗೇರಿಯ ಅಧ್ಯಯನ ಮೊದಲ ಸಲದ ದೋಷವನ್ನೂ ತಡೆಯಬಹುದೆಂದು ಹೇಳಿತು.

ಈ ಜೀವಸತ್ವದ ಕಥೆ ಶುರುವಾದದ್ದೇ ನಮ್ಮ ನೆಲದಲ್ಲಿ. ಧಾರವಾಡ ಮುಂಬಯಿ ಪ್ರಾಂತ್ಯದಲ್ಲಿದ್ದ ಕಾಲಕ್ಕೆ, 1928ರಲ್ಲಿ ಡಾ. ಲೂಸಿ ವಿಲ್ಸ್ ಮುಂಬಯಿಗೆ ಬಂದು ಬಡ ಗಿರಣಿ ಕೆಲಸಗಾರ್ತಿಯರ ಬಸುರಿನ ರಕ್ತಹೀನತೆಯನ್ನು ಅಭ್ಯಾಸ ಮಾಡಿದರು. ಯೀಸ್ಟಿನ ಸಾರ ಕೊಟ್ಟರೆ ಅವರು ಚೇತರಿಸಿಕೊಳ್ಳುವುದನ್ನು 1931ರಲ್ಲಿ ಪ್ರಕಟಿಸಿದರು. ಆ ಸಾರದಲ್ಲಿದ್ದದ್ದೇ ಫೋಲೇಟ್. ಕೂಲಿ ಹೆಣ್ಣುಮಕ್ಕಳಿಂದ ಜಗತ್ತು ಕಲಿತ ವಿದ್ಯೆ ತಿರುಗಿ ಕೂಲಿ ಹೆಣ್ಣುಮಕ್ಕಳಿಗೇ ತಡವಾಗಿ ತಲುಪುವುದು ನ್ಯಾಯವಲ್ಲ.

ಕಾಗದದಲ್ಲಿ ಕೊರತೆಯಿಲ್ಲ ಎಂಬುದು ತಮಗೆ ಗೊತ್ತು. 2018ರ ಅನೀಮಿಯಾ ಮುಕ್ತ ಭಾರತ ಮಾರ್ಗಸೂಚಿ, ಗರ್ಭ ಧರಿಸುವ ಮೊದಲು ಮತ್ತು ಮೊದಲ ಮೂರು ತಿಂಗಳು ದಿನಾ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಬೇಕು ಎಂದೇ ಹೇಳುತ್ತದೆ. ಬಸುರಿಯಲ್ಲದ ಹೆಂಗಸರಿಗೆ ವಾರಕ್ಕೊಂದು ಕೆಂಪು ಮಾತ್ರೆಯನ್ನೂ ಹೇಳಿದೆ. ಅದರಲ್ಲಿ ಫೋಲಿಕ್ ಆಮ್ಲ ಇರುವುದು 500 ಮೈಕ್ರೋಗ್ರಾಂ. ವಾರಕ್ಕೊಮ್ಮೆ ಕೊಡುವುದಾದರೆ 2,800 ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹಾಗಾಗಿ ವಾರದ ಮಾತ್ರೆ ದಿನದ ಮಾತ್ರೆಗೆ ಬದಲಿಯಾಗುವುದಿಲ್ಲ. ಇನ್ನು ಔಷಧಿ ಅಂಗಡಿಯಲ್ಲಿ ಕೇಳಿದರೆ ಹೆಚ್ಚಾಗಿ ಕೊಡುವುದು 5 ಮಿಲಿಗ್ರಾಂನದು, ಬೇಕಾದದ್ದಕ್ಕಿಂತ ಹನ್ನೆರಡು ಪಟ್ಟಿಗೂ ಮೇಲೆ. ಹಿಂದೆ ಇಂಥ ಕೂಸು ಹೆತ್ತವರಿಗೆ, ಮೂರ್ಛೆರೋಗದ ಮಾತ್ರೆ ತೆಗೆದುಕೊಳ್ಳುವವರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ ಅದನ್ನು ವೈದ್ಯರು ಬರೆಯುತ್ತಾರೆ. ಎಲ್ಲರಿಗೂ ಅದು ಬೇಡ.

ಇನ್ನು ಬಸುರಾದ ಮೇಲಿನ ಮಾತು. ಕುಂದಗೋಳ ತಾಲೂಕಿನ ಹಳ್ಳಿಯೊಂದರ ಸೊಸೆ ನನ್ನ ಮುಂದೆ ಒಂದು ಪ್ಲಾಸ್ಟಿಕ್ ಚೀಲ ಸುರುವಿದ್ದಳು. ಸರಕಾರಿ ಕೆಂಪು ಮಾತ್ರೆಯ ಹಾಳೆ ಒಡೆಯದೆ ಹಾಗೇ ಇತ್ತು. ಪೇಟೆಯಿಂದ ತಂದ ಇನ್ನೊಂದು ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ, ಮೀನೆಣ್ಣೆಯ ಗುಳಿಗೆ, ಒಂದು ಟಾನಿಕ್ ಬಾಟಲಿ, ಅರ್ಧ ಖಾಲಿಯಾದ ಪ್ರೋಟೀನ್ ಪುಡಿಯ ಡಬ್ಬಿ ಜೊತೆಗಿದ್ದವು. ಕೆಂಪು ಮಾತ್ರೆ ಯಾಕೆ ಬಿಟ್ಟಿ ಎಂದರೆ, “ಅದನ್ ತಗೊಂಡ್ರ ಕೂಸು ಕರ್ರಗ ಹುಟ್ಟತೈತಂತ್ರೀ, ಹೊಟ್ಟಿನೂ ತೊಳಸತೈತಿ” ಎಂದಳು. ಉಳಿದದ್ದನ್ನೆಲ್ಲ ರಾತ್ರಿ ಉಂಡ ಮೇಲೆ ಒಟ್ಟಿಗೇ ನುಂಗಿ, ಮೇಲೆ ಒಂದು ಬಟ್ಟಲು ಚಹಾ ಕುಡಿಯುತ್ತಿದ್ದಳು. ಆಕೆಯ ತಪ್ಪೇನಿಲ್ಲ. ಯಾವುದು ಯಾವಾಗ ಎಂದು ಕೂತು ಹೇಳಿದವರೇ ಇರಲಿಲ್ಲ.

ಕಬ್ಬಿಣವೂ ಕ್ಯಾಲ್ಸಿಯಂ ಕೂಡ ಒಟ್ಟಿಗೆ ಹೊಟ್ಟೆಗೆ ಹೋದರೆ ಕಬ್ಬಿಣ ಮೈಗೆ ಹತ್ತುವುದು ಕಡಿಮೆ. ಚಹಾ ಅದನ್ನು ಇನ್ನೂ ತಡೆಯುತ್ತದೆ. ಕ್ಯಾಲ್ಸಿಯಂ ಊಟದ ಜೊತೆ, ಕಬ್ಬಿಣ ಅದಕ್ಕಿಂತ ಎರಡು ತಾಸು ಆಚೆ, ಲಿಂಬೆ ಹಿಂಡಿದ ನೀರಿನ ಜೊತೆಯಾದರೆ ಒಳ್ಳೆಯದು. ಬೆಳಿಗ್ಗೆ ರೊಟ್ಟಿ ಉಣ್ಣುವಾಗ ಕ್ಯಾಲ್ಸಿಯಂ, ರಾತ್ರಿ ಊಟವಾಗಿ ಎರಡು ತಾಸಿಗೆ, ಮಲಗುವ ಮುಂದೆ, ಕೆಂಪು ಮಾತ್ರೆ ಎಂದರೆ ಹೊಲಕ್ಕೆ ಹೋಗುವವರಿಗೂ ನೆನಪಿರುತ್ತದೆ, ಹೊಟ್ಟೆ ತೊಳಸುವುದೂ ಅಷ್ಟು ತಿಳಿಯುವುದಿಲ್ಲ. ಕಪ್ಪಾಗುವುದು ಮಲ ಮಾತ್ರ. ಕೂಸಿನ ಬಣ್ಣ ತಂದೆತಾಯಿಯದು. ಈ ಎರಡು ಮಾತು ಅತ್ತೆಯ ಮುಂದೆಯೇ ಹೇಳಬೇಕು, ಏಕೆಂದರೆ ಮಾತ್ರೆ ನುಂಗಬೇಕೋ ಬೇಡವೋ ಎಂದು ಬಹಳ ಮನೆಗಳಲ್ಲಿ ತೀರ್ಮಾನಿಸುವವರು ಅವರೇ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ದೇಶದಲ್ಲಿ 180 ದಿನ ಕಬ್ಬಿಣದ ಮಾತ್ರೆ ತೆಗೆದುಕೊಂಡ ತಾಯಂದಿರು ನೂರಕ್ಕೆ 26 ಮಾತ್ರ. ಕರ್ನಾಟಕದ ಬಸುರಿಯರಲ್ಲಿ ನೂರಕ್ಕೆ 45ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ. ಕ್ಯಾಲ್ಸಿಯಂ ದಿನಕ್ಕೆ ಎರಡು ಎಂದಾಗ ಬೇಸತ್ತು ಎಲ್ಲವನ್ನೂ ಬಿಡುವವರಿದ್ದಾರೆ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರೂ ಕೈಜೋಡಿಸಿ, 11,000 ಬಸುರಿಯರಲ್ಲಿ ಮಾಡಿದ ಪ್ರಯೋಗ 2024ರಲ್ಲಿ ಪ್ರಕಟವಾಗಿದೆ. ಬಸುರಿನ ರಕ್ತದೊತ್ತಡದ ನಂಜನ್ನು ತಡೆಯುವಲ್ಲಿ ದಿನಕ್ಕೆ 500 ಮಿಲಿಗ್ರಾಂ, ಅಂದರೆ ಒಂದು ಮಾತ್ರೆಯಷ್ಟು, ಕ್ಯಾಲ್ಸಿಯಂ 1,500 ಮಿಲಿಗ್ರಾಂಗಿಂತ ಕಡಿಮೆಯಾಗಲಿಲ್ಲ. ಎರಡು ಆಗದವರಿಗೆ, ಒಂದನ್ನಾದರೂ ತಪ್ಪಿಸಬೇಡಿ ಎನ್ನಲು ಇಷ್ಟು ಆಧಾರ ಸಾಕು.

ಪ್ರೋಟೀನ್ ಪುಡಿಯ ಡಬ್ಬಿಗೆ ಹೆಣ್ಣಾಳಿನ ಎರಡು ದಿನದ ಕೂಲಿ ಹೋಗುತ್ತದೆ. ಬಸುರಿಯರಿಗೆ ಹೆಚ್ಚಿನ ಪ್ರೋಟೀನಿನ ಪೂರಕಗಳನ್ನು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡುವುದಿಲ್ಲ. ಅದೇ ದುಡ್ಡಿಗೆ ಹೆಸರುಕಾಳು, ಶೇಂಗಾ, ತತ್ತಿ, ಹಾಲು ಬರುತ್ತವೆ. ಹೆಸರು, ಕಡಲೆ ನಮ್ಮ ಎರೆಹೊಲದಲ್ಲೇ ಬೆಳೆಯುತ್ತವೆ. 2017ರಿಂದ ಮಾತೃಪೂರ್ಣ ಯೋಜನೆಯಲ್ಲಿ ಅಂಗನವಾಡಿಯ ಬಿಸಿಯೂಟವೂ ಇದೆ. ತತ್ತಿ, ಮಾಂಸ ಮುಟ್ಟದ ಮನೆಗಳಲ್ಲಿ ಬಿ12 ಕಡಿಮೆ ಇರುವುದುಂಟು. ಅಂಥವರಿಗೆ ಹಾಲು ಮೊಸರು ಹೆಚ್ಚಬೇಕು, ವೈದ್ಯರು ನೋಡಿ ಮಾತ್ರೆಯನ್ನೂ ಕೊಡಬೇಕು. ಬಿ12 ಕಡಿಮೆಯಿದ್ದು ಫೋಲೇಟ್ ಮಾತ್ರ ಹೆಚ್ಚಾದ ತಾಯಂದಿರ ಮಕ್ಕಳಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿರುವುದನ್ನು ಪುಣೆಯ ಡಾ. ಚಿತ್ತರಂಜನ ಯಾಜ್ಞಿಕರ ತಂಡ 2008ರಲ್ಲೇ ತೋರಿಸಿದೆ. ವಿಟಮಿನ್ ‘ಎ’ ಇರುವ ಗುಳಿಗೆಗಳನ್ನು ಮಾತ್ರ ಯಾರೂ ತಾವೇ ಕೊಂಡು ನುಂಗಬಾರದು. ಮೊದಲ ತಿಂಗಳುಗಳಲ್ಲಿ ಅದು ಅತಿಯಾದರೆ ಕೂಸಿಗೇ ಊನ.

ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆಗಳು ಇವು:

1. ಪ್ರತಿ ಆಶಾಳ ಬಳಿ ಅರ್ಹ ದಂಪತಿಗಳ ಪಟ್ಟಿ ಇದೆ. ಹೊಸದಾಗಿ ಮದುವೆಯಾಗಿ ಬಂದ ಹೆಣ್ಣುಮಗಳಿಗೆ, ಮಕ್ಕಳು ಈಗಲೇ ಬೇಡ ಎನ್ನದವರಿಗೆಲ್ಲ, 400 ಮೈಕ್ರೋಗ್ರಾಂ ಮಾತ್ರೆ ತಿಂಗಳು ತಿಂಗಳು ತಲುಪಲಿ. ಸಾಮೂಹಿಕ ಮದುವೆಯ ಮಂಟಪದಲ್ಲೂ, ಆಷಾಢಕ್ಕೆ ತವರಿಗೆ ಹೊರಡುವ ಮುಂಚೆಯೂ ಕೊಡಲಿ. ಎರಡನೆಯ ಮಗುವಿಗೆ ಮನಸ್ಸು ಮಾಡಿದವರಿಗೂ ಇದು ಬೇಕು.

2. ಹಿಂದೆ ದೋಷದ ಕೂಸು ಹೆತ್ತವರು, ಮೂರ್ಛೆಯ ಮಾತ್ರೆ ನುಂಗುವವರು, ಸಕ್ಕರೆ ಕಾಯಿಲೆಯವರು ಯಾರೆಂದು ಬೇರೆ ಪಟ್ಟಿ ಮಾಡಿಸಿ, ಬಸುರಾಗುವ ಮೊದಲೇ ತಾಲೂಕು ಆಸ್ಪತ್ರೆಯ ವೈದ್ಯರಿಗೆ ತೋರಿಸುವಂತಾಗಲಿ.

3. ಮಾತ್ರೆ ಕೊಡುವಾಗ ಯಾವುದು ಯಾವ ಹೊತ್ತಿಗೆ ಎಂಬ ಚಿತ್ರದ ಚೀಟಿ, ನಮ್ಮ ಆಡುಮಾತಿನಲ್ಲಿ, ಜೊತೆಗಿರಲಿ.

4. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವಾಗ ಮಾತ್ರೆ ನಿಲ್ಲುತ್ತದೆ. ಕಲಘಟಗಿಯ ಸೊಸೆ ಅಣ್ಣಿಗೇರಿಯ ತವರಿಗೆ ಹೊರಟರೆ ಎರಡು ತಿಂಗಳ ಮಾತ್ರೆ ಕೈಯಲ್ಲಿರಲಿ, ಅಲ್ಲಿನ ಆಶಾಗೆ ಇಲ್ಲಿನ ಆಶಾ ಫೋನ್ ಮಾಡಲಿ.

5. ಪುಕ್ಕಟೆ ಸಿಗುವ ಮಾತ್ರೆ ಯಾವುದು, ದುಡ್ಡು ಕೊಟ್ಟು ತರಬೇಕಾಗಿಲ್ಲದ್ದು ಯಾವುದು ಎಂಬ ಫಲಕ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದ ಬಾಗಿಲಲ್ಲಿರಲಿ.

ಇವುಗಳಲ್ಲಿ ಯಾವುದಕ್ಕೂ ಹೊಸ ಕಾನೂನು ಬೇಡ, ಹೊಸ ಹುದ್ದೆಯೂ ಬೇಡ. ಪಟ್ಟಿ ಇದೆ, ಮಾರ್ಗಸೂಚಿ ಇದೆ, ಮನೆಮನೆ ತಿರುಗುವ ಆಶಾ ಇದ್ದಾಳೆ. ಬೇಕಾದದ್ದು ತಮ್ಮ ಒಂದು ಸುತ್ತೋಲೆ, ಮತ್ತು ನಿಲ್ಲದೆ ಬರುವ ದಾಸ್ತಾನು. ಬರುವ ಬೇಸಿಗೆಯ ಮದುವೆಗಳ ಪಟ್ಟಿಯಿಂದಲೇ ಶುರು ಮಾಡಿ. ವರ್ಷ ತುಂಬಿದಾಗ ಎಷ್ಟು ಹೊಸ ಮನೆಗಳಿಗೆ ಮಾತ್ರೆ ಮುಟ್ಟಿತು ಎಂಬ ತಾಲೂಕುವಾರು ಲೆಕ್ಕವನ್ನು ಜನರ ಮುಂದಿಡಿ. ನಾವು ಕೇಳುವವರಿದ್ದೇವೆ.

ಇಂತಿ ತಮ್ಮ ವಿಶ್ವಾಸಿ,
ನವಲಗುಂದ ತಾಲೂಕಿನ ಒಬ್ಬ ನಿವೃತ್ತ ಆರೋಗ್ಯ ಸಹಾಯಕಿ